ಗಣಕಯಂತ್ರದ ಪರದೆ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ ಮತ್ತು ಖರ್ಚಿನ ವಿವೇಕ

ಲೆಕ್ಕಪತ್ರ, ಸರಕಿನ ದಾಸ್ತಾನು, ಇ-ವೇ ಬಿಲ್ಲು, ತೆರಿಗೆ ವಿವರಪಟ್ಟಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಇಂದು ಗಣಕಯಂತ್ರದ ಮೂಲಕವೇ ನಡೆಯುತ್ತಿವೆ. ದೊಡ್ಡ ಉದ್ಯಮಗಳಲ್ಲಿ ಇದನ್ನು ನೋಡಿಕೊಳ್ಳಲು ಪ್ರತ್ಯೇಕ ತಂತ್ರಜ್ಞರಿರುತ್ತಾರೆ. ನಮ್ಮ ಬಹುಪಾಲು ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಿಗೆ ಆ ಅನುಕೂಲವಿಲ್ಲ. ಅಂಗಡಿಯ ಹಿಂಬದಿಯ ಮೇಜಿನ ಮೇಲೋ, ಮನೆಯ ಒಂದು ಕೋಣೆಯಲ್ಲೋ ಇರುವ ಒಂದೇ ಯಂತ್ರದಲ್ಲಿ ಹಗಲಿಗೆ ವ್ಯಾಪಾರದ ಲೆಕ್ಕ, ಸಂಜೆಗೆ ಮಕ್ಕಳ ಪಾಠ ಮತ್ತು ಆಟ. ಇಂತಹ ಯಂತ್ರದ ಪರದೆ ತಿಂಗಳ 20ನೇ ತಾರೀಖಿನ ಸಂಜೆ ಇದ್ದಕ್ಕಿದ್ದಂತೆ ಕಪ್ಪಾದರೆ ಮಾಲೀಕರಿಗಾಗುವ ಗಾಬರಿಯನ್ನು ವಿವರಿಸಬೇಕಾಗಿಲ್ಲ.

ಈ ಗಾಬರಿಯಿಂದ ಎರಡು ಬಗೆಯ ನಷ್ಟ ಉಂಟಾಗುತ್ತದೆ. ಮೊದಲನೆಯದು ಅನಗತ್ಯ ಖರೀದಿ. ಕೆಲವು ನೂರು ರೂಪಾಯಿಯ ಕೇಬಲ್ಲಿನ ದೋಷಕ್ಕೆ ಹೊಸ ಮಾನಿಟರ್ ಬರುತ್ತದೆ. ಅದನ್ನು ಜೋಡಿಸಿದ ಮೇಲೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ದುರಸ್ತಿಯ ಭರದಲ್ಲಿ ಲೆಕ್ಕದ ಕಡತಗಳೇ ಕೆಡುತ್ತವೆ ಅಥವಾ ಪರರ ಕೈಸೇರುತ್ತವೆ. ಪರದೆಯು ಲೆಕ್ಕದ ಪುಸ್ತಕವನ್ನು ಓದುವ ಕನ್ನಡಕವಿದ್ದಂತೆ. ಕನ್ನಡಕ ಒಡೆದರೂ ಪುಸ್ತಕ ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಕನ್ನಡಕ ಸರಿಪಡಿಸಲು ಹೋಗಿ ಪುಸ್ತಕವನ್ನು ಕಳೆದುಕೊಳ್ಳಬಾರದು ಎಂಬುದೇ ಈ ಲೇಖನದ ಸಾರಾಂಶ.

ಮೊದಲು ಕೆಲಸ ಸಾಗಲಿ

ಪರದೆ ಕಪ್ಪಾದೊಡನೆ ಗೋಡೆಯ ಸ್ವಿಚ್ಚನ್ನು ಆರಿಸುವುದು ಅನೇಕರ ಅಭ್ಯಾಸ. ಇದು ಸಲ್ಲದು. ಒಳಗೆ ಲೆಕ್ಕಪತ್ರದ ತಂತ್ರಾಂಶ ತೆರೆದಿದ್ದಲ್ಲಿ, ವಿದ್ಯುತ್ ಒಮ್ಮೆಲೇ ನಿಂತರೆ ಕಡತ ಕೆಡುವ ಸಂಭವವಿದೆ. ಮೊದಲು ಕೀಲಿಮಣೆಯ ‘ಕ್ಯಾಪ್ಸ್ ಲಾಕ್’ ಕೀಲಿಯನ್ನು ಒತ್ತಿ ನೋಡಿರಿ. ಅದರ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಕೆಲಸ ಮಾಡುತ್ತಲೇ ಇದೆ, ಚಿತ್ರ ಮಾತ್ರ ಹೊರಬರುತ್ತಿಲ್ಲ ಎಂದರ್ಥ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ವಿಂಡೋಸ್ 10 ಮತ್ತು 11ರಲ್ಲಿ ಇದರಿಂದ ಚಿತ್ರ ನಿರ್ವಹಿಸುವ ತಂತ್ರಾಂಶ ಮಾತ್ರ ಹೊಸದಾಗಿ ಆರಂಭವಾಗುತ್ತದೆ. ತೆರೆದ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ಇದರಿಂದಲೂ ಫಲ ದೊರೆಯದಿದ್ದರೆ ವಿದ್ಯುತ್ ಗುಂಡಿಯನ್ನು ಒಮ್ಮೆ ಒತ್ತಿ ಬಿಡತಕ್ಕದ್ದು. ಬಹುತೇಕ ಯಂತ್ರಗಳು ಆಗ ಕ್ರಮಬದ್ಧವಾಗಿ ಮುಚ್ಚಿಕೊಳ್ಳುತ್ತವೆ ಅಥವಾ ನಿದ್ರಾಸ್ಥಿತಿಗೆ ಹೋಗುತ್ತವೆ. ಗುಂಡಿಯನ್ನು ಹಲವು ಸೆಕೆಂಡು ಒತ್ತಿ ಹಿಡಿಯುವುದು ಕಟ್ಟಕಡೆಯ ಉಪಾಯವಾಗಿರಲಿ.

ಮನೆಯಲ್ಲಿರುವ ದೂರದರ್ಶನ ಪೆಟ್ಟಿಗೆಗೆ ಎಚ್‌ಡಿಎಂಐ ಕಿಂಡಿ ಇದ್ದರೆ ಅದನ್ನೇ ತಾತ್ಕಾಲಿಕ ಪರದೆಯಾಗಿ ಬಳಸಬಹುದು. ಲ್ಯಾಪ್‌ಟಾಪಿನ ಪರದೆ ಕಪ್ಪಾಗಿದ್ದು ಟೀವಿಯಲ್ಲಿ ಚಿತ್ರ ಸರಿಯಾಗಿ ಮೂಡಿದರೆ ಅಂದಿನ ಕೆಲಸ ನಡೆಯುತ್ತದೆ. ದೋಷ ಲ್ಯಾಪ್‌ಟಾಪಿನ ಪರದೆಯಲ್ಲಿ ಅಥವಾ ಅದರ ಒಳಕೇಬಲ್ಲಿನಲ್ಲಿದೆ ಎಂಬುದೂ ಅದೇ ವೇಳೆಗೆ ತಿಳಿಯುತ್ತದೆ.

ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಲು ನಿಮ್ಮ ಯಂತ್ರವೇ ಬೇಕೆಂದಿಲ್ಲ. ಏಕಮಾಲೀಕತ್ವದ ಮತ್ತು ಪಾಲುದಾರಿಕೆಯ ಸಂಸ್ಥೆಗಳು ಯಾವುದೇ ಯಂತ್ರದಿಂದ ಮೊಬೈಲಿಗೆ ಬರುವ ಓಟಿಪಿ ಬಳಸಿ ಸಲ್ಲಿಸಬಹುದು. ಕಂಪನಿಗಳು ಹಾಗೂ ಎಲ್‌ಎಲ್‌ಪಿಗಳು ಡಿಜಿಟಲ್ ಸಹಿಯ ಟೋಕನ್ನನ್ನು ಬೇರೆ ಯಂತ್ರಕ್ಕೆ ಜೋಡಿಸಿ, ಅದರ ತಂತ್ರಾಂಶವನ್ನು ಅಲ್ಲಿ ಸ್ಥಾಪಿಸಿಕೊಂಡರೆ ಸಾಕು. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಬಾಕಿಯಿಲ್ಲದ ಶೂನ್ಯ ವಿವರಪಟ್ಟಿಗೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕವಿದೆ. ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ. ಯಂತ್ರ ಕೆಟ್ಟಿತ್ತೆಂಬ ಕಾರಣಕ್ಕೆ ಇವು ಮನ್ನಾ ಆಗುವುದಿಲ್ಲ. ಆದುದರಿಂದ ಗಡುವಿನ ಕೆಲಸವನ್ನು ಮೊದಲು ಮುಗಿಸಿ, ದುರಸ್ತಿಯನ್ನು ಆಮೇಲೆ ನಿಧಾನವಾಗಿ ಕೈಗೆತ್ತಿಕೊಳ್ಳುವುದು ಜಾಣತನ.

ಚಿತ್ರ ಸಾಗುವ ಹಾದಿ

ತಾಳೆ ಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ನುರಿತ ಗುಮಾಸ್ತರು ಇಡೀ ವರ್ಷದ ರೋಜುಕೀರ್ದಿಯನ್ನು ಮೊದಲಿನಿಂದ ತಿರುವಿ ಹಾಕುವುದಿಲ್ಲ. ಯಾವ ತಿಂಗಳಿನವರೆಗೆ ತಾಳೆಯಾಗುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆ ಭಾಗವನ್ನು ಬದಿಗಿಟ್ಟು, ಉಳಿದುದರಲ್ಲಿ ಮಾತ್ರ ಹುಡುಕುತ್ತಾರೆ. ಪರದೆಯ ದೋಷವನ್ನು ಹುಡುಕುವ ಕ್ರಮವೂ ಇದೇ ಆಗಿದೆ.

ಚಿತ್ರ ಹುಟ್ಟಿ ಕಣ್ಣಿಗೆ ತಲುಪುವವರೆಗೆ ಐದು ಹಂತಗಳಿವೆ: ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆ, ಅದಕ್ಕೂ ಚಿತ್ರದ ಚಿಪ್ಪಿಗೂ ನಡುವಿನ ದುಭಾಷಿಯಾದ ಡ್ರೈವರ್ ಎಂಬ ತಂತ್ರಾಂಶ, ಗ್ರಾಫಿಕ್ಸ್ ಚಿಪ್ಪು ಅಥವಾ ಕಾರ್ಡು, ಕೇಬಲ್ಲು ಮತ್ತು ಅದರ ಕಿಂಡಿಗಳು, ಕೊನೆಯದಾಗಿ ಮಾನಿಟರ್. ಇವುಗಳಲ್ಲಿ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನ ಪರೀಕ್ಷೆಯತ್ತ ಸಾಗಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಒಮ್ಮೆಗೇ ಮೂರು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತೆಂಬುದು ಎಂದಿಗೂ ತಿಳಿಯದು.

ಪರದೆ ಪೂರ್ಣ ಕಪ್ಪಾಗಿದ್ದರೆ

1. ಮಾನಿಟರಿನ ದೀಪವೇ ಹೊತ್ತದಿದ್ದರೆ ವಿದ್ಯುತ್ತಿನ ತಂತಿ, ಅಡಾಪ್ಟರ್ ಮತ್ತು ಪ್ಲಗ್ಗನ್ನು ಪರಿಶೀಲಿಸಿರಿ. ದೀಪವಿದ್ದರೆ ಚಿತ್ರದ ಕೇಬಲ್ಲನ್ನು ಕಳಚಿ ಮಾನಿಟರನ್ನು ಚಾಲೂ ಮಾಡಿರಿ. ‘ನೋ ಸಿಗ್ನಲ್’ ಎಂಬಂತಹ ಸಂದೇಶ ಮೂಡಿದರೆ ಮಾನಿಟರ್ ಜೀವಂತವಾಗಿದೆ. ಆ ಅಕ್ಷರಗಳನ್ನು ಬರೆಯುತ್ತಿರುವುದು ಅದೇ. ದೋಷ ಅದರ ಹಿಂದಿನ ಹಂತಗಳಲ್ಲಿದೆ.

2. ಮಾನಿಟರಿಗೆ ಎರಡು ಮೂರು ಕಿಂಡಿಗಳಿದ್ದರೆ ಅದರ ಗುಂಡಿಗಳ ಮೂಲಕ ಸರಿಯಾದ ಕಿಂಡಿಯನ್ನು ಆರಿಸಿರಿ. ಕೇಬಲ್ ಎಚ್‌ಡಿಎಂಐನಲ್ಲಿದ್ದು ಮಾನಿಟರ್ ವಿಜಿಎ ಕಡೆ ನೋಡುತ್ತಿದ್ದರೆ ಚಿತ್ರ ಬಾರದು.

3. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡುಳ್ಳ ಯಂತ್ರದ ಹಿಂಬದಿಯಲ್ಲಿ ಎರಡು ಕಡೆ ಕಿಂಡಿಗಳಿರುತ್ತವೆ. ಮಾನಿಟರಿನ ಕೇಬಲ್ ಕಾರ್ಡಿನ ಕಿಂಡಿಯಲ್ಲಿರಬೇಕು. ಸ್ಥಳ ಬದಲಿಸುವಾಗ, ಧೂಳು ಒರೆಸುವಾಗ ಇದು ಅದಲುಬದಲಾಗುವುದು ಸಾಮಾನ್ಯ. ಕಾರ್ಡು ಕೆಟ್ಟಿದೆಯೆಂಬ ಸಂಶಯವಿದ್ದರೆ, ಯಂತ್ರವನ್ನು ಆರಿಸಿ ಕಾರ್ಡನ್ನು ತೆಗೆದು, ಮದರ್‌ಬೋರ್ಡಿನ ಕಿಂಡಿಯಿಂದ ಚಿತ್ರ ಪಡೆಯಲು ಯತ್ನಿಸಬಹುದು. ಇಲ್ಲೊಂದು ಎಚ್ಚರಿಕೆ: ಇಂಟೆಲ್ ಸಂಸ್ಥೆಯ ‘ಎಫ್’ ಅಕ್ಷರದಿಂದ ಕೊನೆಗೊಳ್ಳುವ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಆ ಯಂತ್ರಗಳಲ್ಲಿ ಮದರ್‌ಬೋರ್ಡಿನ ಕಿಂಡಿ ಕಣ್ಣಿಗೆ ಕಂಡರೂ ಚಿತ್ರ ಕೊಡದು. ಜೋಡಿಸಿದ ಯಂತ್ರ ಕೊಳ್ಳುವಾಗ ‘ಎಫ್’ ಮಾದರಿ ಅಗ್ಗವೆಂದು ಆರಿಸಿದವರಿಗೆ ಕಾರ್ಡು ಕೆಟ್ಟ ದಿನ ಬದಲಿ ದಾರಿ ಇರುವುದಿಲ್ಲ.

4. ಪರದೆಯ ಮೇಲೆ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟು ನೋಡಿರಿ. ಮಸುಕಾಗಿ ಚಿತ್ರ ಕಂಡರೆ ಹಿಂಬೆಳಕು ಕೆಟ್ಟಿದೆ, ಗ್ರಾಫಿಕ್ಸ್ ಸರಿಯಾಗಿದೆ.

5. ಪ್ರೊಜೆಕ್ಟರಿಗೆ ಜೋಡಿಸಿ ಬಂದ ಲ್ಯಾಪ್‌ಟಾಪ್ ಕಪ್ಪಾಗಿದ್ದರೆ ವಿಂಡೋಸ್ ಮತ್ತು ‘ಪಿ’ ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಚಿತ್ರ ಎರಡನೆಯ ಪರದೆಗೆ ಮಾತ್ರ ಹೋಗುವ ಆಯ್ಕೆ ಹಾಗೆಯೇ ಉಳಿದಿರಬಹುದು.

6. ಯಂತ್ರ ಚಾಲೂ ಆದೊಡನೆ ಬೀಪ್ ಸದ್ದುಗಳನ್ನು ಮಾಡಿ ನಿಂತರೆ ಮೆಮೊರಿ ಅಥವಾ ಗ್ರಾಫಿಕ್ಸ್ ಕಾರ್ಡು ತನ್ನ ಸ್ಥಾನದಲ್ಲಿ ಸಡಿಲವಾಗಿರಬಹುದು. ಸದ್ದಿನ ಸಂಕೇತ ಮದರ್‌ಬೋರ್ಡ್ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಅದರ ಕೈಪಿಡಿಯನ್ನೇ ನೋಡತಕ್ಕದ್ದು. ಪ್ಲಗ್ ಕಿತ್ತು, ಲೋಹದ ವಸ್ತುವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು, ಮೆಮೊರಿ ಪಟ್ಟಿಯನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ.

ಚಿತ್ರವಿದ್ದು ವಿಕೃತವಾಗಿದ್ದರೆ

ಗೆರೆಗಳು, ಚುಕ್ಕೆಗಳು, ನಡುಕ, ಬಣ್ಣಗೇಡು ಇವುಗಳಿಗೆ ಮೂರು ಸರಳ ಪರೀಕ್ಷೆಗಳಿವೆ. ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ.

ಮೊದಲನೆಯದು ಮಾನಿಟರಿನ ಪಟ್ಟಿಯ ಪರೀಕ್ಷೆ. ಮಾನಿಟರಿನ ಗುಂಡಿ ಒತ್ತಿ ಬೆಳಕು, ಬಣ್ಣಗಳನ್ನು ಹೊಂದಿಸುವ ಪಟ್ಟಿಯನ್ನು ತೆರೆಯಿರಿ. ಈ ಪಟ್ಟಿಯನ್ನು ಬರೆಯುವುದು ಮಾನಿಟರೇ ಹೊರತು ಗಣಕಯಂತ್ರವಲ್ಲ. ಗೆರೆಗಳು ಪಟ್ಟಿಯನ್ನೂ ಹಾದುಹೋದರೆ ಮಾನಿಟರ್ ಕೆಟ್ಟಿದೆ. ಪಟ್ಟಿ ಸ್ವಚ್ಛವಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ಲಿನತ್ತ, ಯಂತ್ರದತ್ತ ತಿರುಗಿರಿ.

ಎರಡನೆಯದು ಪರದೆಯ ಪ್ರತಿಯ ಪರೀಕ್ಷೆ. ‘ಪ್ರಿಂಟ್ ಸ್ಕ್ರೀನ್’ ಕೀಲಿಯಿಂದ ಪರದೆಯ ಪ್ರತಿ ತೆಗೆದು ಅದನ್ನು ನಿಮ್ಮ ಮೊಬೈಲಿಗೆ ಕಳುಹಿಸಿ ನೋಡಿರಿ. ಪ್ರತಿಯಲ್ಲಿಯೂ ವಿಕಾರ ಕಂಡರೆ ದೋಷ ಚಿತ್ರ ಹುಟ್ಟುವ ಜಾಗದಲ್ಲಿದೆ, ಅಂದರೆ ಡ್ರೈವರ್ ಅಥವಾ ಚಿಪ್ಪಿನಲ್ಲಿದೆ. ಪ್ರತಿ ಸ್ವಚ್ಛವಾಗಿದ್ದರೆ ಚಿತ್ರ ಹೊರಬರುವ ದಾರಿಯಲ್ಲಿ, ಹೆಚ್ಚಾಗಿ ಕೇಬಲ್ಲು ಅಥವಾ ಮಾನಿಟರಿನಲ್ಲಿ, ದೋಷವಿರುತ್ತದೆ.

ಮೂರನೆಯದು ಆರಂಭದ ಹಂತದ ಪರೀಕ್ಷೆ. ಯಂತ್ರ ಚಾಲೂ ಆದಾಗ ವಿಂಡೋಸ್ ಬರುವ ಮುನ್ನ ತಯಾರಕರ ಲಾಂಛನ ಮೂಡುತ್ತದೆ. ಆಗಲೇ ಚಿತ್ರ ಕೆಟ್ಟಿದ್ದರೆ ಡ್ರೈವರನ್ನು ದೂರುವಂತಿಲ್ಲ, ಏಕೆಂದರೆ ಅದು ಇನ್ನೂ ಕೆಲಸಕ್ಕೆ ಬಂದಿರುವುದೇ ಇಲ್ಲ.

1987ರಲ್ಲಿ ಐಬಿಎಂ ಸಂಸ್ಥೆ ಬಳಕೆಗೆ ತಂದ ವಿಜಿಎ ಜೋಡಣೆ ನಮ್ಮ ಹಳೆಯ ಅಂಗಡಿಗಳಲ್ಲಿ ಇನ್ನೂ ಕಾಣುತ್ತದೆ. ಅದರ 15 ಪಿನ್ನುಗಳಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಪ್ರತ್ಯೇಕ ಪಿನ್ನುಗಳಿವೆ. ಪರದೆಯೆಲ್ಲ ಹಳದಿಗೆ ತಿರುಗಿದರೆ ನೀಲಿಯ ಪಿನ್ನು ಸೇರುತ್ತಿಲ್ಲ. ನೀಲಿ-ಹಸಿರಾದರೆ ಕೆಂಪಿನ ಪಿನ್ನು. ನೇರಳೆ ಛಾಯೆ ಬಂದರೆ ಹಸಿರಿನ ಪಿನ್ನು. ಬಾಗಿದ ಪಿನ್ನನ್ನು ನೇರ ಮಾಡಿ, ತಿರುಪುಗಳನ್ನು ಬಿಗಿ ಮಾಡಿದರೆ ಬಣ್ಣ ಮರಳುತ್ತದೆ. ಎಚ್‌ಡಿಎಂಐ ಕೇಬಲ್ಲಿನ ದೋಷದ ಲಕ್ಷಣ ಬೇರೆ: ಅಲ್ಲಲ್ಲಿ ಬೆಳ್ಳಿಚುಕ್ಕೆ ಮಿನುಗುವುದು, ಚಿತ್ರ ಆಗಾಗ ಕ್ಷಣಕಾಲ ಮಾಯವಾಗುವುದು. ಬೇರೊಂದು ಕೇಬಲ್ ಹಾಕಿ ನೋಡುವುದೇ ಇದಕ್ಕೆ ಪರೀಕ್ಷೆ.

ತಂತ್ರಾಂಶದ ದೋಷ

ಅಕ್ಷರಗಳು ದೊಡ್ಡದಾಗಿ ಮಸುಕಾಗಿ ಕಾಣತೊಡಗಿದರೆ, ಲೆಕ್ಕಪತ್ರದ ಪುಟ ಪರದೆಯಲ್ಲಿ ಹಿಡಿಸದಂತಾದರೆ ‘ಡಿವೈಸ್ ಮ್ಯಾನೇಜರ್’ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಸಾಲನ್ನು ನೋಡಿರಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಜವಾದ ಡ್ರೈವರ್ ಇಲ್ಲವೆಂದೂ ವಿಂಡೋಸ್ ತಾತ್ಕಾಲಿಕ ವ್ಯವಸ್ಥೆಯಲ್ಲಿ ನಡೆಯುತ್ತಿದೆಯೆಂದೂ ತಿಳಿಯಬೇಕು. ಕಾರ್ಡಿನ ಹೆಸರಿನ ಮುಂದೆ ಹಳದಿ ಚಿಹ್ನೆಯಿದ್ದು ‘ಕೋಡ್ 43’ ಎಂಬ ಸಂದೇಶವಿದ್ದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದರ್ಥ. ಡ್ರೈವರನ್ನು ಹೊಸದಾಗಿ ಸ್ಥಾಪಿಸಿದ ಮೇಲೂ ಅದು ಉಳಿದರೆ ಕಾರ್ಡಿನ ಮೇಲೆಯೇ ಸಂಶಯಪಡಬೇಕು.

ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಅಥವಾ ಇಂಟೆಲ್, ಎಎಂಡಿ, ಎನ್ವಿಡಿಯಾ ಸಂಸ್ಥೆಗಳ ಅಧಿಕೃತ ತಾಣಗಳಿಂದಲೇ ಪಡೆಯಬೇಕು. ‘ನಿಮ್ಮ ಡ್ರೈವರ್ ಹಳೆಯದಾಗಿದೆ’ ಎಂದು ತಾನಾಗಿಯೇ ಎದ್ದುಬರುವ ಜಾಹೀರಾತನ್ನು ಒತ್ತಬಾರದು. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಇದು ಕಳ್ಳನಿಗೆ ಕೀಲಿಕೈ ಕೊಟ್ಟಂತೆ. ನವೀಕರಣವಾದ ಮರುದಿನದಿಂದಲೇ ತೊಂದರೆ ಆರಂಭವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಆಯ್ಕೆಯಿಂದ ಹಿಂದಿನದಕ್ಕೆ ಮರಳಬಹುದು. ‘ಸೇಫ್ ಮೋಡ್’ನಲ್ಲಿ ಚಿತ್ರ ಸರಿಯಾಗಿದ್ದು ಸಾಮಾನ್ಯ ಸ್ಥಿತಿಯಲ್ಲಿ ಕೆಡುತ್ತಿದ್ದರೆ ಡ್ರೈವರಿನದೇ ದೋಷವಿರುವ ಸಂಭವ ಹೆಚ್ಚು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಗಮನದಲ್ಲಿಡಬೇಕು.

ಧೂಳು ಮತ್ತು ಶಾಖ

ಬೆಳಿಗ್ಗೆ ಸರಿಯಾಗಿದ್ದು ಒಂದೆರಡು ಗಂಟೆಯ ಬಳಿಕ ಚಿತ್ರ ಕೆಡುವುದು, ಮಕ್ಕಳು ಆಟವಾಡುವಾಗ ಮಾತ್ರ ಯಂತ್ರ ನಿಲ್ಲುವುದು ಶಾಖದ ಲಕ್ಷಣಗಳು. ಅಕ್ಕಿ ಗಿರಣಿ, ಹಿಟ್ಟಿನ ಗಿರಣಿ, ಹತ್ತಿ ಜಿನ್ನಿಂಗ್, ವಿದ್ಯುತ್ ಮಗ್ಗ, ಮೆಣಸಿನಕಾಯಿ ಪುಡಿ ಇವುಗಳ ಆವರಣದಲ್ಲಿರುವ ಯಂತ್ರದ ಫ್ಯಾನುಗಳಲ್ಲಿ ಧೂಳು ಹೆಪ್ಪುಗಟ್ಟುತ್ತದೆ. ಎರಕದ ಕಾರ್ಖಾನೆಗಳಲ್ಲಿ ಇನ್ನೂ ಎಚ್ಚರ ಬೇಕು: ಲೋಹದ ಧೂಳು ವಿದ್ಯುತ್ತನ್ನು ಹರಿಯಗೊಡುತ್ತದೆ. ಪ್ಲಗ್ ಕಿತ್ತ ಮೇಲೆ ಮೆತ್ತನೆಯ ಕುಂಚದಿಂದ, ಒಣಗಾಳಿಯಿಂದ ಶುಚಿಗೊಳಿಸಬೇಕು. ಗಾಳಿ ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಮಾನಿಟರಿನ ಹಿಂಬದಿಯನ್ನಾಗಲಿ ವಿದ್ಯುತ್ ಪೆಟ್ಟಿಗೆಯನ್ನಾಗಲಿ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅವುಗಳೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ದುರಸ್ತಿಗೆ ಕೊಡುವ ಮುನ್ನ

ಪರದೆಯ ದೋಷ ಸರಿಪಡಿಸಲು ನಿಮ್ಮ ಲೆಕ್ಕದ ಕಡತಗಳು ಬೇಕಾಗಿಲ್ಲ. ಆದುದರಿಂದ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕನ್ನು ಕಳಚಿಟ್ಟುಕೊಂಡೇ ಯಂತ್ರವನ್ನು ಕೊಡಬಹುದು. ಅದು ಸಾಧ್ಯವಾಗದಿದ್ದರೆ ಪೂರ್ಣ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಡಿಜಿಟಲ್ ಸಹಿಯ ಟೋಕನ್ನನ್ನು ಯಂತ್ರದೊಂದಿಗೆ ಎಂದಿಗೂ ಕಳುಹಿಸಬಾರದು.

ಲ್ಯಾಪ್‌ಟಾಪಿನ ವಿಷಯದಲ್ಲಿ ಮತ್ತೊಂದು ಅಪಾಯವಿದೆ. ಗ್ರಾಫಿಕ್ಸ್ ಚಿಪ್ಪು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಅದು ಕೆಟ್ಟರೆ ಇಡೀ ಬೋರ್ಡನ್ನು ಬದಲಿಸಲು ಹೇಳುತ್ತಾರೆ. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ, ಬೋರ್ಡ್ ಬದಲಾದೊಡನೆ ವಿಂಡೋಸ್ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದಿದ್ದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದೂ ಅದರೊಳಗಿನ ಲೆಕ್ಕ ದಕ್ಕುವುದಿಲ್ಲ. ಅನೇಕ ಹೊಸ ಯಂತ್ರಗಳಲ್ಲಿ ಈ ರಕ್ಷಣೆ ಮಾಲೀಕರ ಗಮನಕ್ಕೆ ಬಾರದೆಯೇ ಚಾಲೂ ಇರುತ್ತದೆ. ಯಂತ್ರ ಸರಿಯಿರುವಾಗಲೇ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡತಕ್ಕದ್ದು.

ಚಿಪ್ಪನ್ನು ಬಿಸಿಗಾಳಿಯಿಂದ ಕಾಯಿಸಿ ಸರಿಪಡಿಸಿಕೊಡುವುದಾಗಿ ಕೆಲವರು ಹೇಳುವುದುಂಟು. ಕಾಯಿಸಿದಾಗ ಬಿರುಕುಬಿಟ್ಟ ಸಂಪರ್ಕ ತಾತ್ಕಾಲಿಕವಾಗಿ ಕೂಡಿಕೊಂಡು ಚಿತ್ರ ಬರುತ್ತದೆ. ಮೂಲದೋಷ ಉಳಿದಿರುವುದರಿಂದ ಸ್ವಲ್ಪ ಕಾಲದಲ್ಲಿಯೇ ಮತ್ತೆ ಕೆಡುವುದು ಸಾಮಾನ್ಯ. ಬಿಸಿಯಾಗಿ ತಣ್ಣಗಾಗುವ ಈ ಆವರ್ತನ ಎಷ್ಟು ದುಬಾರಿಯೆಂಬುದಕ್ಕೆ ಎನ್ವಿಡಿಯಾ ಸಂಸ್ಥೆಯ ಪ್ರಕರಣವೇ ನಿದರ್ಶನ. ಲ್ಯಾಪ್‌ಟಾಪುಗಳ ಕೆಲವು ಚಿಪ್ಪುಗಳ ಜೋಡಣೆಯಲ್ಲಿ ಬಳಸಿದ ಸಾಮಗ್ರಿ ದುರ್ಬಲವಾಗಿದ್ದುದರಿಂದ ಅವು ನಿರೀಕ್ಷೆಗಿಂತ ಹೆಚ್ಚಾಗಿ ಕೆಡತೊಡಗಿದವು. ದುರಸ್ತಿ ಮತ್ತು ಬದಲಾವಣೆಯ ಬಾಬ್ತು 15 ಕೋಟಿಯಿಂದ 20 ಕೋಟಿ ಡಾಲರುಗಳವರೆಗೆ ಲೆಕ್ಕದಲ್ಲಿ ತೋರಿಸಬೇಕಾಗುವುದೆಂದು ಸಂಸ್ಥೆ 2008ರ ಜುಲೈನಲ್ಲಿ ಪ್ರಕಟಿಸಿತು. ತಯಾರಕರಿಗೇ ಇಷ್ಟು ಹೊರೆಯಾದ ದೋಷವನ್ನು ಬಿಸಿಗಾಳಿಯಿಂದ ಶಾಶ್ವತವಾಗಿ ನಿವಾರಿಸಬಹುದೆಂದು ನಂಬಲಾಗದು. ಅಂತಹ ದುರಸ್ತಿಗೆ ಹಣ ಕೊಡುವವರು ಕಡತಗಳನ್ನು ಹೊರತೆಗೆದುಕೊಳ್ಳುವಷ್ಟು ಅವಧಿಯನ್ನು ಮಾತ್ರ ಕೊಂಡುಕೊಳ್ಳುತ್ತಿದ್ದೇವೆಂದು ತಿಳಿದು ಕೊಡಲಿ.

ಖರ್ಚಿನ ಲೆಕ್ಕ

ಕೆಟ್ಟ ಕೇಬಲ್, ಫ್ಯಾನು ಅಥವಾ ಅದೇ ಸಾಮರ್ಥ್ಯದ ಬಿಡಿಭಾಗವನ್ನು ಬದಲಿಸಿದರೆ ಅದು ಸಾಮಾನ್ಯವಾಗಿ ದುರಸ್ತಿಯ ವೆಚ್ಚವಾಗಿ ಲಾಭ-ನಷ್ಟದ ಖಾತೆಗೆ ಸೇರುತ್ತದೆ. ಹೊಸ ಗಣಕಯಂತ್ರ ಕೊಂಡರೆ ಅದು ಸ್ಥಿರಾಸ್ತಿ. ಆದಾಯ ತೆರಿಗೆಯಲ್ಲಿ ಗಣಕಯಂತ್ರದ ಸವಕಳಿ ದರ ಶೇ. 40, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಮಾನಿಟರುಗಳ ಮೇಲೆ ಜಿಎಸ್‌ಟಿ ಶೇ. 18 ಇದೆ. 32 ಅಂಗುಲಕ್ಕಿಂತ ದೊಡ್ಡವುಗಳ ಮೇಲಿದ್ದ ಶೇ. 28ರ ದರ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಇನ್‌ಪುಟ್ ತೆರಿಗೆಯ ಕ್ರೆಡಿಟ್ ಬೇಕಾದರೆ ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರಬೇಕು ಮತ್ತು ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ಮಗನ ಹೆಸರಿನಲ್ಲಿ ಕೊಂಡ ಯಂತ್ರಕ್ಕೆ ಕ್ರೆಡಿಟ್ ಇಲ್ಲ. ಮನೆಗೂ ವ್ಯಾಪಾರಕ್ಕೂ ಬಳಸುವ ಯಂತ್ರವಾದರೆ ವ್ಯಾಪಾರದ ಪಾಲಿಗೆ ಮಾತ್ರ ಕ್ರೆಡಿಟ್ ಸಲ್ಲುತ್ತದೆ. ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಕ್ರೆಡಿಟ್ ಲಭ್ಯವಿಲ್ಲವಾದ್ದರಿಂದ ಅನಗತ್ಯ ಖರೀದಿಯ ತೆರಿಗೆಯೂ ಅವರಿಗೆ ಪೂರ್ಣ ಖರ್ಚೇ ಸರಿ.

ಸದಸ್ಯ ಬಾಂಧವರಿಗೆ ಕೊನೆಯದಾಗಿ ಒಂದು ಸಲಹೆ. ಒಂದು ಹೆಚ್ಚುವರಿ ಕೇಬಲ್, ಖರೀದಿಯ ಬಿಲ್ಲು, ವಾರಂಟಿ ಮುಗಿಯುವ ದಿನಾಂಕ, ಬಿಟ್‌ಲಾಕರ್ ಕೀಲಿಯ ಮುದ್ರಿತ ಪ್ರತಿ ಹಾಗೂ ವಾರಕ್ಕೊಮ್ಮೆ ಲೆಕ್ಕದ ಕಡತಗಳನ್ನು ನಕಲಿಸಿಡುವ ಡಿಸ್ಕು, ಈ ಐದನ್ನು ಒಂದೆಡೆ ಇಟ್ಟಿರಲಿ. ಯಂತ್ರಕ್ಕೊಂದು ಸಣ್ಣ ಪುಸ್ತಕವಿರಲಿ. ತೊಂದರೆ ಬಂದ ದಿನ, ಕಂಡ ಲಕ್ಷಣ, ಮಾಡಿದ ಬದಲಾವಣೆ, ಕೊಟ್ಟ ಹಣ ಇವುಗಳನ್ನು ಅದರಲ್ಲಿ ಬರೆಯುತ್ತಾ ಬನ್ನಿರಿ. ಮುಂದಿನ ಬಾರಿ ದುರಸ್ತಿಯವರು ಬಂದಾಗ ‘ಏನೋ ಆಗಿದೆ’ ಎನ್ನುವ ಬದಲು ‘ಮಾನಿಟರಿನ ಪಟ್ಟಿ ಸರಿಯಿದೆ, ಕೇಬಲ್ ಬದಲಿಸಿ ನೋಡಿದ್ದೇವೆ, ಪರದೆಯ ಪ್ರತಿಯಲ್ಲಿಯೂ ಗೆರೆಗಳಿವೆ’ ಎಂದು ಹೇಳಬಲ್ಲಿರಾದರೆ, ಅವರ ಅರ್ಧ ದಿನ ಉಳಿಯುತ್ತದೆ ಮತ್ತು ನಿಮ್ಮ ಬಿಲ್ಲೂ ಅಷ್ಟರಮಟ್ಟಿಗೆ ಇಳಿಯುತ್ತದೆ.